ಟಿವಿಗೆ ಆನಿಮೇಷನ್: ರೆಂಡರ್ ಒತ್ತುವ ಮುನ್ನ

ಕ್ಯಾಮೆರಾದಲ್ಲಿ ತೆಗೆದ ದೃಶ್ಯಕ್ಕೆ ಒಂದು ಅನುಕೂಲವಿದೆ. ಲೆನ್ಸ್ ಅಂಚುಗಳನ್ನು ಕೊಂಚ ಮೆದು ಮಾಡಿರುತ್ತದೆ, ಬಣ್ಣದಲ್ಲಿ ನವಿರಾದ ಕಣಗಳಿರುತ್ತವೆ; ಪ್ರಸಾರದ ದಾರಿಯಲ್ಲಾಗುವ ಸಣ್ಣಪುಟ್ಟ ಹಾನಿ ಅದರಲ್ಲೇ ಮುಚ್ಚಿಹೋಗುತ್ತದೆ. ಕಂಪ್ಯೂಟರಿನಲ್ಲಿ ಹುಟ್ಟಿದ ಚಿತ್ರಕ್ಕೆ ಆ ಮರೆಯಿಲ್ಲ. ಅಲ್ಲಿ ಗೆರೆ ಬ್ಲೇಡಿನಿಂದ ಕೊಯ್ದ ಹಾಗೆ, ಕೆಂಪು ಅಪ್ಪಟ ಕೆಂಪು. ಮಾನಿಟರಿನಲ್ಲಿ ಮೆರೆದ ಚಿತ್ರ ಟಿವಿಯಲ್ಲಿ ಮಿಣುಕುವುದಕ್ಕೂ ಬಣ್ಣ ಕದಡುವುದಕ್ಕೂ ಬಹುಪಾಲು ಇದೇ ಕಾರಣ.

ಹಾಗಾಗಿ ಮೊದಲ ಕೀಫ್ರೇಮ್ ಇಡುವ ಮುಂಚೆಯೇ ಚಾನೆಲ್‌ನಿಂದ ಡೆಲಿವರಿ ಸ್ಪೆಸಿಫಿಕೇಷನ್ ತರಿಸಿಕೊಳ್ಳಿ. ಅದರಲ್ಲಿ ಎಲ್ಲಕ್ಕಿಂತ ದುಬಾರಿ ಸಾಲು ಫ್ರೇಮ್ ರೇಟ್. ಭಾರತದ ಟಿವಿ ಪಾಲ್ ಪದ್ಧತಿಯಿಂದ ಬಂದದ್ದು; 50 ಹರ್ಟ್ಸ್ ವಿದ್ಯುತ್ತಿಗೆ ಹೊಂದಿಸಿ ಸೆಕೆಂಡಿಗೆ 25 ಫ್ರೇಮ್ ಎಂದು ಆಗ ಗೊತ್ತುಮಾಡಿದ ಲೆಕ್ಕ ಎಚ್‌ಡಿ ಬಂದ ಮೇಲೂ ಉಳಿದಿದೆ. ಅಮೆರಿಕದ್ದು 29.97, ಸಿನಿಮಾದ್ದು 24. ಆನಿಮೇಷನ್ ತಂತ್ರಾಂಶ ಬ್ಲೆಂಡರ್ ತೆರೆದರೆ ತಾನಾಗಿ ಬರುವುದು 24. ಅದನ್ನು ಬದಲಿಸದೆ ಕೆಲಸ ಮುಗಿಸಿದವರಿಗೆ ಕೊನೆಯಲ್ಲಿ ಎರಡೇ ದಾರಿ. ಓಟವನ್ನು ಶೇ. 4ರಷ್ಟು ಹೆಚ್ಚಿಸಿದರೆ ದನಿ ತೆಳ್ಳಗಾಗುತ್ತದೆ, ಸರಿಪಡಿಸಬೇಕು. ಸೆಕೆಂಡಿಗೊಂದು ಫ್ರೇಮನ್ನು ಎರಡು ಸಲ ತೋರಿಸಿದರೆ ಪಾತ್ರ ನಡೆಯುವಾಗ ಎಡವಿದಂತೆ ಕಾಣುತ್ತದೆ. ತುಟಿ ಚಲನೆಯನ್ನು ಫ್ರೇಮ್ ಎಣಿಸಿ ಕೂರಿಸಿದ ಮೇಲೆ ಯಾವುದೂ ಸುಲಭವಲ್ಲ.

ಇನ್ನು ಇಂಟರ್‌ಲೇಸ್. 1080ಐ ಪ್ರಸಾರದಲ್ಲಿ ಒಂದು ಫ್ರೇಮಿನ ಬೆಸ ಸಾಲುಗಳು ಒಂದು ಫೀಲ್ಡಿನಲ್ಲಿ, ಸಮ ಸಾಲುಗಳು ಇನ್ನೊಂದರಲ್ಲಿ ಹೋಗುತ್ತವೆ. ಸೆಕೆಂಡಿಗೆ 50 ಫೀಲ್ಡ್. ಒಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆ ಎರಡರಲ್ಲೊಂದು ಫೀಲ್ಡಿನಲ್ಲಿ ಮಾತ್ರ ಇರುವುದರಿಂದ ಅದು ಮಿಣುಕುತ್ತದೆ. ಕನ್ನಡ ಅಕ್ಷರಗಳಿಗೆ ಇದರ ಕಾಟ ಹೆಚ್ಚು: ತೆಳು ಫಾಂಟಿನಲ್ಲಿ ತಲೆಕಟ್ಟು ಹೆಚ್ಚುಕಡಿಮೆ ಅಡ್ಡಗೆರೆಯೇ ತಾನೆ. ದಪ್ಪ ಫಾಂಟ್ ಆರಿಸಿ, ಗೆರೆಗಳು ಎರಡು ಮೂರು ಪಿಕ್ಸೆಲ್‌ಗಿಂತ ಕಡಿಮೆ ಆಗದಿರಲಿ, ಮೇಲಿಂದ ಕೆಳಕ್ಕೆ ಒಂಚೂರು ಬ್ಲರ್ ಕೊಡಿ.

ಇಷ್ಟಾದರೂ ಎಲ್ಲವನ್ನೂ ಫೀಲ್ಡ್‌ಗಳಾಗಿ ರೆಂಡರ್ ಮಾಡಬೇಕಿಲ್ಲ. ಪಾತ್ರಗಳ ಆಟವನ್ನು 25 ಪೂರ್ಣ ಫ್ರೇಮ್‌ಗಳಾಗಿಯೇ ಮಾಡಿ ಇಂಟರ್‌ಲೇಸ್ ಫೈಲಿನೊಳಗೆ ಕಳಿಸಬಹುದು. ಎರಡೂ ಫೀಲ್ಡ್ ಒಂದೇ ಕ್ಷಣದ ಚಿತ್ರವಾಗಿರುತ್ತವೆ, ಅಷ್ಟೆ. ಕಾರ್ಟೂನಿಗೆ ಅದೇ ಚೆಂದ ಎಂದು ನನ್ನ ಮತ. ಮೇಲಕ್ಕೆ ಸರಿಯುವ ಹೆಸರುಗಳ ಪಟ್ಟಿಗೆ ಮಾತ್ರ ಫೀಲ್ಡ್ ರೆಂಡರ್ ನುಣುಪು ಕೊಡುತ್ತದೆ. ಅಲ್ಲಿ ವೇಗ ಫೀಲ್ಡಿಗೆ ಸಮಸಂಖ್ಯೆಯ ಸಾಲುಗಳಷ್ಟಿರಲಿ: ಎರಡು ಸಾಲಾದರೆ ಸೆಕೆಂಡಿಗೆ 100 ಪಿಕ್ಸೆಲ್. ಒಂದೊಂದೇ ಸಾಲು ಸರಿದರೆ ಅಕ್ಷರದ ಅದೇ ಅರ್ಧ ಮತ್ತೆ ಮತ್ತೆ ಕಾಣುತ್ತದೆ, ಉಳಿದರ್ಧ ತೆರೆಗೇ ಬರುವುದಿಲ್ಲ. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ ಮೊದಲು. ಇದು ತಿರುಗುಮುರುಗಾದರೆ ಚಲಿಸುವುದೆಲ್ಲ ಹಿಂದಕ್ಕೂ ಮುಂದಕ್ಕೂ ನಡುಗುತ್ತದೆ.

ಬಣ್ಣದ ವಿಷಯ. ಕಂಪ್ಯೂಟರಿನ ಕಪ್ಪು 0, ಬಿಳಿ 255. ಟಿವಿಯಲ್ಲಿ ಕಪ್ಪು 16, ಬಿಳಿ 235. ಈ ಪರಿವರ್ತನೆ ಒಮ್ಮೆ ಮಾತ್ರ ಆಗಬೇಕು. ಎರಡು ಸಲ ಆದರೆ ಚಿತ್ರ ಮಾಸಲು, ಆಗದೇ ಹೋದರೆ ನೆರಳಿನ ವಿವರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಬಣ್ಣದ ಮಾಹಿತಿ ಹೊಳಪಿನ ಮಾಹಿತಿಗಿಂತ ಕಡಿಮೆ ವಿವರದಲ್ಲಿ ಹೋಗುವುದರಿಂದ ನೀಲಿಯ ಮೇಲೆ ಕೆಂಪು ಅಕ್ಷರ ಬೇಡ, ಅಂಚು ಕಲಸಿಹೋಗುತ್ತದೆ. ಆಕಾಶದ ನೀಲಿ ಪಟ್ಟೆಪಟ್ಟೆಯಾಗಿ ಕಂಡರೆ ಸ್ವಲ್ಪ ನಾಯ್ಸ್ ಬೆರೆಸಿ. ಲೆನ್ಸ್ ಪುಕ್ಕಟೆ ಕೊಡುತ್ತಿದ್ದ ಒರಟನ್ನು ಇಲ್ಲಿ ನಾವೇ ಹಾಕಬೇಕು.

ಮಿಂಚುವ ದೃಶ್ಯಗಳಲ್ಲಿ ಹುಡುಗಾಟ ಸಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಮಿಂಚಿ, ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಈಗ ಒಪ್ಪಿತ ಮಿತಿ ಸೆಕೆಂಡಿಗೆ ಮೂರು ಮಿಂಚು. ಅಕ್ಷರಗಳ ಜಾಗಕ್ಕೂ ಮಿತಿಯಿದೆ: ಮುಖ್ಯವಾದವು ಚೌಕಟ್ಟಿನ ನಡುವಿನ ಶೇ. 90ರೊಳಗೆ ಇರಲಿ, ಕೆಳಗಿನ ಭಾಗಕ್ಕೆ ಚಾನೆಲ್‌ನವರ ಸ್ಕ್ರಾಲ್ ಬರುವುದಿದ್ದರೆ ಇನ್ನೂ ಮೇಲಕ್ಕೆ.

ರೆಂಡರ್ ಮಾಡುವಾಗ ನೇರವಾಗಿ ವಿಡಿಯೊ ಫೈಲ್ ಮಾಡಬೇಡಿ, ಫ್ರೇಮಿಗೊಂದು ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರ ಉಳಿಸಿ. ನಡುರಾತ್ರಿ ಕರೆಂಟ್ ಹೋದರೆ ನಿಂತ ಫ್ರೇಮಿನಿಂದಲೇ ಮುಂದುವರಿಸಬಹುದು. ಚಾನೆಲ್ ಕೇಳುವುದು ಪ್ರೋರೆಸ್ 422 ಎಚ್‌ಕ್ಯು ಆಗಲಿ, ಸೆಕೆಂಡಿಗೆ 50 ಮೆಗಾಬಿಟ್‌ನ ಎಕ್ಸ್‌ಡಿಕ್ಯಾಮ್ ಆಗಲಿ, ಆ ಚಿತ್ರಗಳಿಂದಲೇ ನೇರ ತಯಾರಿಸಿ. ಯೂಟ್ಯೂಬಿಗೆಂದು ಹಿಂಡಿದ ಎಂಪಿ4 ಅನ್ನು ದೊಡ್ಡ ಫೈಲಿಗೆ ಬದಲಿಸಿದರೆ ಗಾತ್ರ ಬೆಳೆಯುತ್ತದೆ, ಕಳೆದುಹೋದ ಬಣ್ಣ ಮರಳುವುದಿಲ್ಲ.