ಪ್ರೋಗ್ರಾಂ ತಿದ್ದುವ ಕೆಂಪು ಶಾಯಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಶಾಲೆಯ ಹಳೆಯ ನೆನಪುಗಳನ್ನೇ ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ನೆರವೇರಿಸಬಲ್ಲವರು ಅನೇಕರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಬದುಕಿನುದ್ದಕ್ಕೂ ಸೀಮೆಸುಣ್ಣವನ್ನೇ ಹಿಡಿದ ನಾನು ಎಪ್ಪತ್ತು ದಾಟಿದ ಮೇಲೆ ಕಲಿತ ಹೊಸ ಪಾಠವೊಂದನ್ನು ಇಲ್ಲಿ ವಿವರಿಸಲು ಬಯಸುತ್ತೇನೆ. ಅದು ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಸಂಬಂಧಿಸಿದ ಪ್ರಸಂಗದಿಂದ ಹುಟ್ಟಿದ ಪಾಠ.

ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಹೆಸರಿನ ಪಟ್ಟಿಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಸಮಿತಿಯು ನಿರ್ಧರಿಸಿತು. ದಾಖಲಾತಿ ಪುಸ್ತಕಗಳಿಂದ ಹೆಸರುಗಳನ್ನು ನಾನು ಓದಿ ಹೇಳಿದೆ; ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯಲ್ಲಿ ಪ್ರೋಗ್ರಾಂ ಬರೆದನು. ಇರುವವರಿಗೆ ಒಂದು ಪುಟ, ನಮ್ಮನ್ನಗಲಿದವರಿಗೆ ಶ್ರದ್ಧಾಂಜಲಿಯ ಇನ್ನೊಂದು ಪುಟ. ಪಟ್ಟಿ ಸಿದ್ಧವಾದ ಸಂಜೆ ಮೊಬೈಲಿನಲ್ಲಿ ತೆರೆದು ನೋಡಿದರೆ ಎಲ್ಲ ಹೆಸರುಗಳೂ ಶ್ರದ್ಧಾಂಜಲಿಯ ಪುಟದಲ್ಲಿದ್ದವು! ಅಂದು ಬೆಳಿಗ್ಗೆಯಷ್ಟೇ ತಾಳವಾಡಿಯ ಸಂತೆಯಲ್ಲಿ ಮಾತನಾಡಿಸಿದ್ದ ಶಿಷ್ಯನೊಬ್ಬನೂ ಅಲ್ಲಿದ್ದನು. ಮರುದಿನ ಅವನೇ ಮನೆಗೆ ಬಂದು, "ಮೇಷ್ಟ್ರೇ, ನಮ್ಮವ್ವ ಅದ್ನ ನೋಡ್ಬುಟ್ಟು ಅಳ್ತಾ ಕೂತವ್ಳೆ, ಮೊದ್ಲು ತೆಗ್ಸಿ" ಎಂದನು. ನಗುವ ಸಂಗತಿಯಾಗಿರಲಿಲ್ಲ.

ತಪ್ಪಿದ್ದುದು ಒಂದೇ ಒಂದು ಚಿಹ್ನೆಯಲ್ಲಿ. ಜಾವಾಸ್ಕ್ರಿಪ್ಟಿನಲ್ಲಿ ಒಂದು ಸಮ ಚಿಹ್ನೆ ಬರೆದರೆ 'ಬಲಗಡೆಯದನ್ನು ಎಡಗಡೆಗೆ ತುಂಬು' ಎಂದರ್ಥ, 'ಇವೆರಡೂ ಸಮವೇ?' ಎಂದು ಕೇಳಬೇಕಾದರೆ ಎರಡು ಅಥವಾ ಮೂರು ಸಮ ಚಿಹ್ನೆಗಳನ್ನು ಒಟ್ಟಿಗೆ ಬರೆಯಬೇಕು. 'ಸ್ಥಿತಿಯು ನಿಧನವೆಂದಿದ್ದರೆ ಈ ಪುಟಕ್ಕೆ ಸೇರಿಸು' ಎಂದು ಬರೆಯಬೇಕಾದಲ್ಲಿ ಹುಡುಗನು ಒಂದೇ ಚಿಹ್ನೆಯನ್ನು ಒತ್ತಿದ್ದನು. ಯಂತ್ರವು ಪ್ರಶ್ನೆ ಕೇಳುವುದಕ್ಕೆ ಬದಲಾಗಿ ಪ್ರತಿಯೊಬ್ಬರ ಸ್ಥಿತಿಯಲ್ಲಿಯೂ 'ನಿಧನ' ಎಂದು ತಾನೇ ತುಂಬಿತು. ಖಾಲಿಯಲ್ಲದ ಪದವನ್ನು 'ಹೌದು' ಎಂದೇ ಎಣಿಸುವುದು ಈ ಭಾಷೆಯ ನಿಯಮವಾದ್ದರಿಂದ ಎಲ್ಲರೂ ಅಗಲಿದವರಾದರು. ಪರೀಕ್ಷಿಸುವಾಗ ಅವನು ನಿಜವಾಗಿ ಅಗಲಿದ ಮೂವರ ಹೆಸರುಗಳನ್ನು ಮಾತ್ರ ಹಾಕಿ ನೋಡಿದ್ದನಂತೆ. ಉತ್ತರ ಸರಿಯಾಗಿಯೇ ಬಂದಿತ್ತು.

ಯಂತ್ರವು ತಡೆಯಲಿಲ್ಲವೇಕೆ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ದೋಷವಿಲ್ಲ, ಅರ್ಥ ಮಾತ್ರ ಬೇರೆ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು 1995ರಲ್ಲಿ ಹತ್ತು ದಿನಗಳಲ್ಲಿ ಈ ಭಾಷೆಯ ಮೊದಲ ರೂಪವನ್ನು ರಚಿಸಿದರು. ಹೊಸಬರಿಗೂ ಸುಲಭವಾಗಲೆಂಬ ಉದ್ದೇಶದಿಂದ ಅದಕ್ಕೆ ಬಹಳ ಸಡಿಲವಾದ ಸ್ವಭಾವವನ್ನು ಕೊಟ್ಟರು. ಸಡಿಲವಾದ ಮೇಷ್ಟ್ರ ತರಗತಿಯಲ್ಲಿ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ.

ಇಂತಹ ತಪ್ಪುಗಳನ್ನು ಹುಡುಕುವುದಕ್ಕೆಂದೇ ಬೇರೆ ಪ್ರೋಗ್ರಾಂಗಳಿವೆ. 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅವರು 'ಸಿ' ಭಾಷೆಗಾಗಿ 'ಲಿಂಟ್' ಎಂಬುದನ್ನು ಬರೆದರು. ಬಟ್ಟೆಯ ಮೇಲೆ ಏಳುವ ನೂಲಿನ ಜುಂಗಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಅದನ್ನು ಆರಿಸಿ ತೆಗೆಯುವ ಕೆಲಸಕ್ಕೂ ಅದೇ ಹೆಸರು ನಿಂತಿತು. ಜಾವಾಸ್ಕ್ರಿಪ್ಟಿಗಾಗಿ ಡಗ್ಲಸ್ ಕ್ರಾಕ್‌ಫರ್ಡ್ ಅವರು 2002ರಲ್ಲಿ ಜೆಎಸ್‌ಲಿಂಟ್ ಅನ್ನು ಹೊರತಂದರು. ಅದು ಅವರ ಅಭಿಪ್ರಾಯಕ್ಕೆ ಒಗ್ಗದ್ದನ್ನೆಲ್ಲ ತಪ್ಪೆನ್ನುವಷ್ಟು ಬಿಗಿ. ನಿಯಮಗಳನ್ನು ಬಳಸುವವರೇ ಆರಿಸಿಕೊಳ್ಳುವಂತೆ, ಹೊಸ ನಿಯಮಗಳನ್ನು ಸೇರಿಸಲೂ ಬರುವಂತೆ ನಿಕೊಲಾಸ್ ಜಕಾಸ್ ಅವರು 2013ರಲ್ಲಿ ಇಎಸ್‌ಲಿಂಟ್ ಎಂಬುದನ್ನು ಆರಂಭಿಸಿದರು. ನಾವು ಬಳಸಿದ್ದು ಇದನ್ನೇ.

ಇದು ಕೆಲಸ ಮಾಡುವ ಬಗೆ ವ್ಯಾಕರಣ ಕಲಿಸಿದವರಿಗೆ ತಟ್ಟನೆ ತಿಳಿಯುತ್ತದೆ. ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದಗಳಾಗಿ ನಾವು ಬಿಡಿಸುವಂತೆ, ಅದು ಪ್ರೋಗ್ರಾಮನ್ನು ನಡೆಸದೆಯೇ ಓದಿ, ಕೊಂಬೆ ರೆಂಬೆಗಳುಳ್ಳ ಮರದಂತೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಒಂದೊಂದು ನಿಯಮವೂ ಆ ಮರವನ್ನು ಸುತ್ತಿ, ತನಗೆ ಸಂಬಂಧಿಸಿದ ಕೊಂಬೆಯಲ್ಲಿ ದೋಷ ಕಂಡರೆ ಸಾಲಿನ ಸಂಖ್ಯೆ ಸಹಿತ ವರದಿ ಮಾಡುತ್ತದೆ. 'ಆದರೆ' ಎಂಬ ಷರತ್ತಿನೊಳಗೆ ಒಂಟಿ ಸಮ ಚಿಹ್ನೆ ಕಂಡರೆ ಆಕ್ಷೇಪಿಸುವ ನಿಯಮವೂ ಅವುಗಳಲ್ಲೊಂದು.

ಅದನ್ನು ಅಳವಡಿಸಿಕೊಳ್ಳುವ ಕ್ರಮ ಹೀಗಿದೆ. (ಆಜ್ಞೆಗಳ ಉಚ್ಚಾರಣೆಯನ್ನಷ್ಟೇ ಬರೆದಿದ್ದೇನೆ, ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಬೇಕು.) ಗಣಕಯಂತ್ರದಲ್ಲಿ ನೋಡ್ ಜೆಎಸ್ ಇರಬೇಕು. ಪ್ರೋಗ್ರಾಂ ಇರುವ ಕಡತಕೋಶದಲ್ಲಿ 'ಎನ್‌ಪಿಎಮ್ ಇನಿಟ್' ಎಂಬ ಆಜ್ಞೆಯೊಡನೆ ಇಎಸ್‌ಲಿಂಟ್‌ನ ಕಾನ್ಫಿಗ್ ಅನ್ನು ಕೇಳಿದರೆ, ಅದು ನಾಲ್ಕಾರು ಪ್ರಶ್ನೆಗಳನ್ನು ಕೇಳಿ ನಿಯಮಗಳ ಕಡತವೊಂದನ್ನು ತಾನೇ ಬರೆದಿಡುತ್ತದೆ. 2024ರಲ್ಲಿ ಬಂದ 9ನೆಯ ಆವೃತ್ತಿಯಿಂದ ಈ ಕಡತದ ರೂಪ ಬದಲಾಗಿದೆ. ಹಳೆಯ ಪುಸ್ತಕ ನೋಡಿಕೊಂಡು ಮಾಡಿದರೆ ನಡೆಯದು. ಬಳಿಕ 'ಎನ್‌ಪಿಎಕ್ಸ್ ಇಎಸ್‌ಲಿಂಟ್' ಎಂದು ಬರೆದು ಒಂದು ಚುಕ್ಕೆ ಇಟ್ಟರೆ ತಪಾಸಣೆ ಆರಂಭ. ಪ್ರತಿ ನಿಯಮಕ್ಕೂ ಮೂರು ದರ್ಜೆಗಳು: ಸೊನ್ನೆ ಎಂದರೆ ಬೇಡ, ಒಂದು ಎಂದರೆ ಎಚ್ಚರಿಕೆ, ಎರಡು ಎಂದರೆ ತಪ್ಪು.

ನಮ್ಮ ಪ್ರೋಗ್ರಾಂ ಮೇಲೆ ಮೊದಲ ದಿನವೇ ನೂರಕ್ಕೂ ಮಿಕ್ಕ ಆಕ್ಷೇಪಣೆಗಳು ಬಂದವು. ಹುಡುಗನ ಮುಖ ಸಣ್ಣದಾಯಿತು. ಪುಟದ ತುಂಬ ಕೆಂಪು ಗೆರೆ ಎಳೆದರೆ ಮಗು ಓದುವುದನ್ನೇ ಬಿಡುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಶಿಫಾರಸು ಮಾಡಲಾದ ನಿಯಮಗಳಿಂದಲೇ ತೊಡಗಿ, ಪ್ರಾಣಾಂತಿಕವಾದವುಗಳಿಗೆ ಮಾತ್ರ ಎರಡನೆಯ ದರ್ಜೆ ಕೊಟ್ಟು, ಉಳಿದವನ್ನು ಎಚ್ಚರಿಕೆಯಾಗಿಸಿ, ವಾರಕ್ಕಿಷ್ಟರಂತೆ ಬಿಗಿಗೊಳಿಸುತ್ತ ಹೋಗುವುದು ಮೇಲು. ಜಾವಾಸ್ಕ್ರಿಪ್ಟಿನಲ್ಲಿ ಕನ್ನಡ ಅಕ್ಷರಗಳಲ್ಲಿಯೂ ಹೆಸರುಗಳನ್ನಿಡಬಹುದೆಂದು ತಿಳಿದು ನನಗೆ ಸಂತೋಷವಾಯಿತು. ಆದರೆ ಒಂದೆಡೆ 'ವಿದ್ಯಾರ್ಥಿ' ಎಂದೂ ಇನ್ನೊಂದೆಡೆ 'ವಿಧ್ಯಾರ್ಥಿ' ಎಂದೂ ಬರೆದರೆ ಅವು ಎರಡು ಬೇರೆ ಹೆಸರುಗಳಾಗುತ್ತವೆ. ಘೋಷಿಸದ ಹೆಸರು ಎಂದು ಇಎಸ್‌ಲಿಂಟ್ ಅದನ್ನು ಹಿಡಿಯಿತು. ಮಹಾಪ್ರಾಣದ ತಪ್ಪಿಗೆ ನಾನು ಬೆತ್ತ ಹಿಡಿಯುತ್ತಿದ್ದುದನ್ನು ಆ ಹುಡುಗ ಮರೆತಿರಲಿಲ್ಲ.

ಇನ್ನೊಂದು ನಿಯಮವನ್ನು ನಾವೇ ಕೇಳಿ ಸೇರಿಸಿಕೊಂಡೆವು. ಎರಡು ಸಮ ಚಿಹ್ನೆಗಳ ಹೋಲಿಕೆಯಲ್ಲಿ ಈ ಭಾಷೆಯು ಖಾಲಿ ಜಾಗವನ್ನೂ ಸೊನ್ನೆಯನ್ನೂ ಒಂದೇ ಎನ್ನುತ್ತದೆ. ದಾಖಲಾತಿ ಸಂಖ್ಯೆ ಸಿಗದವರೆಲ್ಲ ಸೊನ್ನೆ ಸಂಖ್ಯೆಯವರಾಗಬಾರದಲ್ಲ! ಮೂರು ಚಿಹ್ನೆಗಳನ್ನೇ ಬಳಸಬೇಕೆಂಬ ನಿಯಮವು ಶಿಫಾರಸಿನ ಪಟ್ಟಿಯಲ್ಲಿಲ್ಲ.

ಇಷ್ಟಾದರೂ, ತಪಾಸಣೆ ಮಾಡಬೇಕೆಂದು ಮನುಷ್ಯ ನೆನಪಿಟ್ಟುಕೊಳ್ಳಬೇಕಾಗಿದ್ದರೆ ಅದು ಹಬ್ಬಕ್ಕೊಮ್ಮೆ ನಡೆಯುತ್ತದೆ. ಸತ್ಯಮಂಗಲದ ಕಡೆಯಿಂದ ಬರುವ ಲಾರಿಗಳನ್ನು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತುವ ಮೊದಲೇ ಬಣ್ಣಾರಿಯಲ್ಲಿ ತಡೆದು ನೋಡುತ್ತಾರೆ. ತಿರುವಿನಲ್ಲಿ ಸಿಕ್ಕಿಕೊಂಡ ಮೇಲೆ ನೋಡಿದರೆ ಫಲವೇನು? ಹಾಗೆಯೇ, ಗಿಟ್ ಎಂಬ ದಾಖಲೆ ವ್ಯವಸ್ಥೆಗೆ ಹೊಸ ಬರಹ ಸೇರುವ ಮುನ್ನ ಇಎಸ್‌ಲಿಂಟ್ ತಾನಾಗಿ ನಡೆಯುವಂತೆ ಕೊಕ್ಕೆಯೊಂದನ್ನು ಹಾಕಲು ಬರುತ್ತದೆ. ಆತುರದಲ್ಲಿರುವವರು ಅದನ್ನು ದಾಟಿಹೋಗುವ ಆಜ್ಞೆಯೂ ಇರುವುದರಿಂದ, ದೂರದ ಯಂತ್ರದಲ್ಲಿ, ಗಿಟ್‌ಹಬ್ ಆಕ್ಷನ್ಸ್‌ನಂತಹ ವ್ಯವಸ್ಥೆಯಲ್ಲಿ, ಎರಡನೆಯ ತಪಾಸಣೆ ಇರಿಸುವುದು ಕ್ಷೇಮ. ಒಂದು ತಪ್ಪಿದ್ದರೂ ಜಾಲತಾಣಕ್ಕೆ ಹೊಸ ರೂಪ ಏರದು. ದೊಡ್ಡ ಸಂಸ್ಥೆಗಳು ಸೋನಾರ್‌ಕ್ಯೂಬ್‌ನಂತಹವನ್ನೂ ಬಳಸಿ ಪುನರುಕ್ತಿ, ಜಟಿಲತೆಗಳನ್ನು ಅಳೆಯುತ್ತವೆ. ಹೆಸರಿನ ಪಟ್ಟಿಯೊಂದಕ್ಕೆ ಅಷ್ಟು ಬೇಡ.

ಇಎಸ್‌ಲಿಂಟ್ ತಿದ್ದಲಾಗದ ತಪ್ಪೊಂದು ಉಳಿದಿತ್ತು. ಗೋಪಾಲಸ್ವಾಮಿ ಎಂಬ ಹೆಸರು ಒಂದೇ ವರ್ಷದಲ್ಲಿ ಎರಡು ಬಾರಿ ಕಾಣಿಸಿತು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನಲ್ಲಿ ಓಕಾರವನ್ನು ಒಂದೇ ಸಂಕೇತವಾಗಿಯೂ, ಬಿಡಿ ಬಿಡಿಯಾದ ಮೂರು ಸಂಕೇತಗಳಾಗಿಯೂ ಬರೆಯಲು ಬರುವುದರಿಂದ ಯಂತ್ರಕ್ಕೆ ಅವು ಬೇರೆ ಬೇರೆ. 'ನಾರ್ಮಲೈಸ್' ಎಂಬ ಕ್ರಿಯೆಯಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತಂದೆವು. ಇಎಸ್‌ಲಿಂಟ್ ಓದುವುದು ಪ್ರೋಗ್ರಾಮನ್ನು, ಅದರೊಳಕ್ಕೆ ಬರುವ ಹೆಸರುಗಳನ್ನಲ್ಲ. ಹೀಗೆ ಒಂದಾದ ಆ ಗೋಪಾಲಸ್ವಾಮಿ ನಿಜಕ್ಕೂ ಒಬ್ಬನೋ ಇಬ್ಬರೋ ಎಂಬುದನ್ನು ಯಾವ ಪ್ರೋಗ್ರಾಂ ಹೇಳೀತು? ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ನೋಡಿದೆ. ಇಬ್ಬರು! ಒಬ್ಬನು ಹಾಸನೂರಿನ ಕಡೆಯವನು, ಇನ್ನೊಬ್ಬನು ತಾಳವಾಡಿಯವನೇ.

ಹೀಗೆ ಜೋಡಿಯಾಗಿ ಕಾಣುವ ಹೆಸರುಗಳು ಇನ್ನೂ ಕೆಲವಿವೆ. ಪಟ್ಟಿಯ ಮುದ್ರಿತ ಪ್ರತಿಯನ್ನು ಶಾಲೆಯ ಕಚೇರಿಯಲ್ಲಿ ಇರಿಸಿದ್ದೇವೆ. ಮಹೋತ್ಸವಕ್ಕೆ ಬಂದವರು ತಮ್ಮ ಹೆಸರನ್ನೂ ಸಹಪಾಠಿಗಳ ಹೆಸರನ್ನೂ ನೋಡಿ, ತಂದೆಯ ಹೆಸರು, ಊರು, ಶಾಲೆ ಬಿಟ್ಟ ವರ್ಷಗಳಲ್ಲಿ ವ್ಯತ್ಯಾಸ ಕಂಡರೆ ಅಂಚಿನಲ್ಲಿ ಬರೆಯಬೇಕಾಗಿ ಕೋರುತ್ತೇನೆ. ಕೆಂಪು ಶಾಯಿಯ ಪೆನ್ನನ್ನು ಅಲ್ಲಿಯೇ ಕಟ್ಟಿಟ್ಟಿದ್ದೇನೆ.