ಓಟದ ದಿನಗಳೂ ಬಿಡುವಿನ ದಿನಗಳೂ

ಗೃಹಸ್ಥನ ಆಸ್ತಿಗಳಲ್ಲಿ ಮೊದಲನೆಯದು ಅವನ ಆರೋಗ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆಸ್ತಿಯನ್ನು ಕಾಪಾಡುವ ಆತುರದಲ್ಲಿಯೇ ಅದನ್ನು ಕೆಡಿಸಿಕೊಳ್ಳುವವರೂ ಉಂಟು. ಅಂಥವರ ಸಾಲಿಗೆ ಒಮ್ಮೆ ನಾವೂ ಸೇರಿದ್ದೆವಾದುದರಿಂದ, ಈ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತನಾಡುವ ಅಧಿಕಾರವು ನಮಗೆ ಬಂದಿದೆಯೆಂದು ಭಾವಿಸುತ್ತೇವೆ.

ನಮ್ಮ ಬೆಂಗಳೂರಿನ ಹಳೆಯ ಬಡಾವಣೆಗಳು ಆರೋಗ್ಯದ ಚಿಂತೆಯೊಡನೆಯೇ ಬೆಳೆದುವು. ಚಾಮರಾಜಪೇಟೆಯು ೧೮೯೨ರಲ್ಲಿ ಏರ್ಪಟ್ಟಿತು. ೧೮೯೮ರಲ್ಲಿ ಪ್ಲೇಗು ಮಾರಿಯು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಹಾವಳಿಮಾಡಿದ ಮೇಲೆ, ಜನರಿಗೆ ಗಾಳಿಬೆಳಕುಗಳು ದೊರೆಯಲೆಂದು ಬಸವನಗುಡಿಯೂ ಮಲ್ಲೇಶ್ವರವೂ ಅಗಲವಾದ ಬೀದಿಗಳೊಡನೆ ಹರಡಿಕೊಂಡುವು. ಇಂದು ಆ ಬೀದಿಗಳ ತುಂಬ ವಾಹನಗಳ ಹೊಗೆ. ಆದರೂ ಸೂರ್ಯೋದಯಕ್ಕೆ ಮುಂಚೆ ಲಾಲ್‌ಬಾಗಿಗೋ, ಕೃಷ್ಣರಾವ್ ಉದ್ಯಾನಕ್ಕೋ, ೧೮೮೨ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ದಂಡೆಗೋ ಹೋದರೆ, ಓಡುವವರ ಸಾಲು ಮುಗಿಯುವುದೇ ಇಲ್ಲ. ೨೦೦೮ರಿಂದ ನಗರದಲ್ಲಿ ನಡೆಯುತ್ತಿರುವ ಹತ್ತು ಕಿಲೋಮೀಟರಿನ ಓಟವು ಗುಮಾಸ್ತರನ್ನೂ ಉಪಾಧ್ಯಾಯಿನಿಯರನ್ನೂ ನಿವೃತ್ತರನ್ನೂ ಒಂದೇ ರಸ್ತೆಗೆ ತಂದಿದೆ. ಸಂತೋಷದ ಸಂಗತಿಯೇ ಸರಿ. ಆದರೆ ಮನೆಮನೆಯಲ್ಲಿಯೂ ಕೇಳಿಬರುವ ಪ್ರಶ್ನೆಯೊಂದುಂಟು: ದಿನವೂ ಓಡಬೇಕೆ? ಓಡದ ದಿನ ಏನು ಮಾಡಬೇಕು?

ನಮ್ಮ ತಂದೆಯವರು ೫೨ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ರಾತ್ರಿ ನಮ್ಮೊಡನೆ ಕುಳಿತು ಊಟಮಾಡಿದ್ದವರು ಬೆಳಿಗ್ಗೆ ಏಳಲಿಲ್ಲ. ಎಂಟು ವರ್ಷಗಳ ಹಿಂದೆ, ನಮಗೆ ೪೪ ವರ್ಷವಾಗಿದ್ದಾಗ, ವೈದ್ಯರೊಬ್ಬರು ರಕ್ತದೊತ್ತಡವನ್ನು ಅಳೆದು ತಲೆಯಾಡಿಸಿದರು. ಆ ತಲೆಯಾಟವು ನಮ್ಮ ನಿದ್ರೆಯನ್ನು ಕೆಡಿಸಿತು. ಮರುದಿನವೇ ಓಡುವ ಪಾದರಕ್ಷೆಗಳನ್ನು ಕೊಂಡೆವು. ಜನವರಿಯಿಂದ ಒಂದು ದಿನವನ್ನೂ ಬಿಡದೆ ಬಸವನಗುಡಿಯ ರಸ್ತೆಗಳಲ್ಲಿ ಓಡಿದೆವು. ತಾಯಿಯವರು ಬಾಗಿಲಲ್ಲಿ ನಿಂತು, "ನಿಧಾನವೇ ಪ್ರಧಾನ ಕಣಪ್ಪ, ಇಷ್ಟು ದಿನ ಕೂತಿದ್ದ ಕಾಲು ಅದು" ಎಂದರೆ ನಕ್ಕುಬಿಡುತ್ತಿದ್ದೆವು. ಉಸಿರು ಸಲೀಸಾಯಿತು, ತೂಕ ಇಳಿಯಿತು, ಹೆಮ್ಮೆ ಏರಿತು. ಆರನೆಯ ವಾರದಲ್ಲಿ ಬಲ ಮೊಣಕಾಲಿನ ಕೆಳಗೆ, ಒಂದು ಬೆರಳಿನಿಂದ ಮುಟ್ಟಿ ತೋರಿಸಬಹುದಾದಷ್ಟು ಜಾಗದಲ್ಲಿ ನೋವು ಕಾಣಿಸಿಕೊಂಡಿತು. ಅದನ್ನು ಲೆಕ್ಕಿಸದೆ ಇನ್ನೂ ಹತ್ತು ದಿನ ಓಡಿದೆವು. ಕೊನೆಗೆ ಮೆಟ್ಟಿಲಿಳಿಯುವುದೂ ಕಷ್ಟವಾಯಿತು.

ಎಕ್ಸ್‌ರೇ ಚಿತ್ರದಲ್ಲಿ ಮೊದಲು ಏನೂ ಕಾಣಲಿಲ್ಲ, ಎಂ.ಆರ್.ಐ. ಪರೀಕ್ಷೆಯಲ್ಲಿ ಮೂಳೆಯ ಸಣ್ಣ ಬಿರುಕು ಗೋಚರವಾಯಿತು. ಮೂಳೆಯ ವೈದ್ಯರು ಹೇಳಿದ ಮಾತು ಇಂದಿಗೂ ನೆನಪಿದೆ: "ಸ್ವಾಮಿ, ನಿಮ್ಮ ಹೃದಯ ಓಡುವುದಕ್ಕೆ ಸಿದ್ಧವಾಗಿತ್ತು; ಮೂಳೆಗೆ ನೀವು ಸಮಯವನ್ನೇ ಕೊಡಲಿಲ್ಲ."

ಈ ಮಾತಿನಲ್ಲಿ ವಿಷಯದ ಸಾರವೆಲ್ಲವೂ ಅಡಗಿದೆ. ಓಡಲು ತೊಡಗಿದ ಕೆಲವೇ ವಾರಗಳಲ್ಲಿ ಹೃದಯವೂ ರಕ್ತವೂ ಮಾಂಸಖಂಡಗಳೂ ಹೊಸ ಕೆಲಸಕ್ಕೆ ಹೊಂದಿಕೊಳ್ಳುವುವು. ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಓಡುವಾಗ ಒಂದೊಂದು ಹೆಜ್ಜೆಯಲ್ಲಿಯೂ ನೆಲದಿಂದ ಕಾಲಿಗೆ ತಗಲುವ ಪೆಟ್ಟು ದೇಹದ ತೂಕದ ಎರಡು ಮೂರು ಪಾಲಿನಷ್ಟಿರುವುದು. ಆ ಪೆಟ್ಟಿಗೆ ಉತ್ತರವಾಗಿ ಮೂಳೆಯು ತನ್ನನ್ನು ದುರಸ್ತಿ ಮಾಡಿಕೊಳ್ಳುವ ಕ್ರಮವು ಹಳೆಯ ಮನೆಯ ಗೋಡೆಯ ದುರಸ್ತಿಯಂತೆಯೇ: ಮೊದಲು ಸಡಿಲವಾದ ಭಾಗವನ್ನು ಕೆಡವುವುದು, ಆ ಬಳಿಕ ಹೊಸದನ್ನು ಕಟ್ಟುವುದು. ಕೆಡವಿದ್ದಾಗಿ ಇನ್ನೂ ಕಟ್ಟದಿರುವ ಅವಧಿಯಲ್ಲಿ ದಿನವೂ ಪೆಟ್ಟು ಬಿದ್ದರೆ ಬಿರುಕು ಬಿಡದೆ ಇರುವುದೆ? ಬಿಡುವಿನ ದಿನವು ಸೋಮಾರಿತನದ ದಿನವಲ್ಲ. ಕಟ್ಟಡದ ಕೆಲಸ ನಡೆಯುವ ದಿನ.

ಆದುದರಿಂದ ಹೊಸಬರು ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ ಓಡುವುದು ಯುಕ್ತವಾದುದು. ಮೊದಲ ವಾರಗಳಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತ, ಒಟ್ಟು ೨೦ರಿಂದ ೩೦ ನಿಮಿಷಗಳಲ್ಲಿ ಮುಗಿಸಿದರೆ ಸಾಕು. ವರ್ಷಗಟ್ಟಲೆ ರೂಢಿಯುಳ್ಳವರು ನಾಲ್ಕೈದು ದಿನ ಓಡಬಹುದು. ಅವರಿಗೂ ವಾರದಲ್ಲಿ ಒಂದು ದಿನದ ಪೂರ್ಣ ವಿಶ್ರಾಂತಿಯು ಹಿತಕರ. ವೇಗವೆಷ್ಟಿರಬೇಕು? ಪಕ್ಕದಲ್ಲಿರುವವರೊಡನೆ ಒಂದೆರಡು ವಾಕ್ಯ ಮಾತನಾಡಲು ಬರುವಷ್ಟು. ನಮ್ಮ ಪ್ರಾಚೀನ ವೈದ್ಯರು ಇದನ್ನು ಅರಿಯದವರಲ್ಲ. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ವಾಗ್ಭಟನು ವಿಧಿಸಿದನು. ಉಸಿರು ಬಾಯಿಗೆ ಬರತೊಡಗಿದುದೇ ಅರ್ಧಶಕ್ತಿಯ ಗುರುತೆಂದು ಸುಶ್ರುತನು ತಿಳಿಸಿದನು.

ಇನ್ನು ಓಡದ ದಿನಗಳ ಮಾತು. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಸಾಧಾರಣ ಶ್ರಮದ ವ್ಯಾಯಾಮವನ್ನಾಗಲಿ, ೭೫ರಿಂದ ೧೫೦ ನಿಮಿಷ ಬಿರುಸಿನ ವ್ಯಾಯಾಮವನ್ನಾಗಲಿ ಮಾಡಬೇಕೆಂದೂ, ಎರಡು ದಿನವಾದರೂ ಮಾಂಸಖಂಡಗಳನ್ನು ಬಲಪಡಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ತಿಳಿಸಿತು. ಅದೆಲ್ಲವೂ ಓಟದಿಂದಲೇ ಆಗಬೇಕೆಂಬ ನಿಯಮವಿಲ್ಲ. ಹೃದಯಕ್ಕೆ ಬೇಕಾದುದು ಕೆಲಸ. ಆ ಕೆಲಸವು ಕಾಲಿನಿಂದ ಬಂದಿತೋ ತೋಳಿನಿಂದ ಬಂದಿತೋ ಅದು ವಿಚಾರಿಸುವುದಿಲ್ಲ.

ಕಾಲಿಗೆ ಪೆಟ್ಟಿಲ್ಲದೆ ಉಸಿರನ್ನು ಬೆಳೆಸುವುದರಲ್ಲಿ ಈಜು ಉತ್ತಮ. ಬಸವನಗುಡಿಯಲ್ಲಿಯೂ ಸ್ಯಾಂಕಿ ಕೆರೆಯ ಸಮೀಪದಲ್ಲಿಯೂ ಈಜುಕೊಳಗಳಿವೆ. ಈಜು ಬಾರದವರು ಎದೆಮಟ್ಟದ ನೀರಿನಲ್ಲಿ ನಡೆದರೂ ಫಲವುಂಟು. ನಮ್ಮ ಕಾಲು ಗುಣವಾಗುತ್ತಿದ್ದಾಗ, ವೈದ್ಯರ ಅಪ್ಪಣೆ ಪಡೆದು ನಾವು ಮಾಡಿದುದು ಇದನ್ನೇ. ಬೈಸಿಕಲ್ಲೂ ಹಾಗೆಯೇ ಮೊಣಕಾಲಿಗೆ ಸೌಮ್ಯವಾದುದು; ಆದರೆ ಈಗಿನ ರಸ್ತೆಗಳಲ್ಲಿ ನಸುಕಿನಲ್ಲಿಯೇ ಮುಗಿಸುವುದು ಕ್ಷೇಮ.

ಮನೆಯೊಳಗೇ ಮಾಡತಕ್ಕ ಸಾಧನೆಗಳಲ್ಲಿ ಸೂರ್ಯನಮಸ್ಕಾರವನ್ನು ಮೊದಲು ಹೇಳಬೇಕು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, 'ಶಾಂತಲಾ' 'ರೂಪದರ್ಶಿ' ಕಾದಂಬರಿಗಳಿಂದಲೂ ಕನ್ನಡಿಗರಿಗೆ ಪ್ರಿಯರಾದ ಕೆ. ವಿ. ಅಯ್ಯರವರು ೧೯೩೭ರಲ್ಲಿ ಇದರ ಮೇಲೆಯೇ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ನಿಧಾನವಾಗಿ ಮಾಡಿದರೆ ಇದು ಅಂಗಗಳನ್ನು ಸಡಿಲಿಸುವುದು. ಬಿಡುವಿಲ್ಲದೆ ಚುರುಕಾಗಿ ಮಾಡಿದರೆ ಹತ್ತು ನಿಮಿಷದಲ್ಲಿ ಬೆವರಿಳಿಸುವುದು. ಗರಡಿಮನೆಯ ದಂಡ, ಬಸ್ಕಿಗಳೂ ಬಲಕ್ಕೆ ಒಳ್ಳೆಯವು. ಮೆಟ್ಟಿಲು ಹತ್ತುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈಜೂ ಬೈಸಿಕಲ್ಲೂ ಹೃದಯಕ್ಕೆ ಎಷ್ಟು ಒಳ್ಳೆಯವೋ ಮೂಳೆಗೆ ಅಷ್ಟು ಉಪಕಾರಿಗಳಲ್ಲ. ಮೂಳೆಯು ಗಟ್ಟಿಯಾಗಿರಬೇಕಾದರೆ ಅದು ದೇಹದ ಭಾರವನ್ನು ಹೊರಬೇಕು. ಮುಟ್ಟು ನಿಂತ ಬಳಿಕ ಸ್ತ್ರೀಯರ ಮೂಳೆಗಳು ಬೇಗನೆ ಸವೆಯುವುದರಿಂದ, ಅವರು ಬಿರುಸಾದ ನಡಿಗೆಯನ್ನೋ ಮೆಟ್ಟಿಲನ್ನೋ ಪೂರ್ಣವಾಗಿ ಬಿಡಕೂಡದು. ಹಗ್ಗದಾಟದಲ್ಲಿ ಕಾಲಿಗೆ ಪೆಟ್ಟುಂಟು; ಆರೋಗ್ಯವಂತರಿಗೆ ಅದು ಗುಣ, ಕಾಲು ನೋಯುವವರಿಗೆ ದೋಷ.

"ನಮಗೆ ಮನೆಗೆಲಸವೇ ವ್ಯಾಯಾಮ" ಎನ್ನುವ ಸೋದರಿಯರೊಡನೆ ಸವಿನಯವಾಗಿ ಭಿನ್ನಾಭಿಪ್ರಾಯ ಸೂಚಿಸುತ್ತೇವೆ. ಮನೆಗೆಲಸದಿಂದ ಆಯಾಸವುಂಟು, ಸ್ವಲ್ಪ ಪ್ರಯೋಜನವೂ ಉಂಟು. ಆದರೆ ಉಸಿರು ಏರಿ, ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುವುದು ಅದರಲ್ಲಿ ಅಪರೂಪ. ಇದಕ್ಕೆ ಪರಿಹಾರವು ಗಂಡಸರ ಕೈಯಲ್ಲಿದೆ. ನಮ್ಮ ಮನೆಯಲ್ಲಿ ಮಂಗಳವಾರ, ಗುರುವಾರ, ಶನಿವಾರ ನಾವು ಓಡುವೆವು. ಸೋಮವಾರ, ಬುಧವಾರ, ಶುಕ್ರವಾರಗಳಲ್ಲಿ ಮನೆಯಾಕೆಯು ಲಾಲ್‌ಬಾಗಿಗೆ ಹೋಗುವಳು, ನಾವು ಕಾಫಿ ಕಾಸಿ ಮಕ್ಕಳ ಡಬ್ಬಿಗೆ ತುಂಬುವೆವು. ಮೊದಲ ವಾರದ ಉಪ್ಪಿಟ್ಟನ್ನು ಮಕ್ಕಳು ಈಗಲೂ ಮರೆತಿಲ್ಲ. ಓಡದ ದಿನ ಸಂಜೆ ನಮಗೆ ಸೂರ್ಯನಮಸ್ಕಾರವೋ ಈಜೋ ಇರುವುದು. ಭಾನುವಾರ ಎಲ್ಲರಿಗೂ ಬಿಡುವು. ಗಾಂಧಿಬಜಾರಿನ ದೋಸೆಗೆ ನಡೆದೇ ಹೋಗುವುದುಂಟು.

ಓಟವನ್ನು ನಿಲ್ಲಿಸತಕ್ಕ ಗುರುತುಗಳನ್ನೂ ತಿಳಿದಿರಬೇಕು. ಒಂದೇ ಬಿಂದುವಿನಲ್ಲಿ ನಿಲ್ಲುವ ನೋವು, ಓಡುತ್ತ ಓಡುತ್ತ ಹೆಚ್ಚುವ ನೋವು, ರಾತ್ರಿಯಲ್ಲಿಯೂ ಕಾಡುವ ನೋವು, ಇವು ಮೂಳೆಯ ದೂರುಗಳು. ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹಬ್ಬುವ ನೋವು, ಕಣ್ಣು ಕತ್ತಲಿಡುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಮನೆತನದಲ್ಲಿ ಹೃದ್ರೋಗವಿರುವವರೂ ಮಧುಮೇಹಿಗಳೂ ವೈದ್ಯರನ್ನು ಕಂಡೇ ಆರಂಭಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯಿಲ್ಲದೆ ಹೊರಡಕೂಡದು.

ಒಂದು ವಾರ ಓಟ ತಪ್ಪಿದರೆ ಗಳಿಸಿದುದೆಲ್ಲ ಕರಗಿಹೋಗುವುದೆಂಬ ಭಯವು ನಿರಾಧಾರ. ನಾವು ಎರಡು ತಿಂಗಳು ಓಡದೆ ಇದ್ದು, ಮತ್ತೆ ಒಂದು ನಿಮಿಷದ ಓಟದಿಂದ ತೊಡಗಿದೆವು. ಅಂದಿನಿಂದ ವಾರಕ್ಕೆ ಮೂರು ದಿನದ ನಿಯಮವನ್ನು ಮೀರಿಲ್ಲ, ಕಾಲೂ ಮುನಿದಿಲ್ಲ. ಮಾತ್ರೆಯೊಡನೆ ರಕ್ತದೊತ್ತಡವು ಹತೋಟಿಯಲ್ಲಿದೆ.

ಬರುವ ಯುಗಾದಿಯ ಹೊತ್ತಿಗೆ ನಮಗೂ ೫೨ ತುಂಬುವುದು. ವ್ಯಾಯಾಮವು ಆಯುಸ್ಸಿಗೆ ಬರೆದುಕೊಟ್ಟ ಪತ್ರವಲ್ಲವೆಂಬುದನ್ನು ಬಲ್ಲೆವು. ಆದರೂ ತಾಯಿಯವರು ಈಗ ಬಾಗಿಲಲ್ಲಿ ನಿಂತು ತಡೆಯುವುದಿಲ್ಲ, "ಇವತ್ತು ಯಾವ ವಾರ?" ಎಂದಷ್ಟೇ ಕೇಳುತ್ತಾರೆ. ಓಟದ ವಾರವಾದರೆ ಹೊರಡುವೆವು. ಅಲ್ಲದಿದ್ದರೆ ಒಲೆಯ ಮೇಲೆ ಹಾಲಿಡುವೆವು.