ಒಂದು ಲಕ್ಷ ಅಡುಗೆಮನೆ ಕುರ್ಚಿ

1944. ಯುದ್ಧ ಇನ್ನೂ ಮುಗಿದಿರಲಿಲ್ಲ. ಬ್ರಿಟನ್ನಿನ ವಾಣಿಜ್ಯ ಇಲಾಖೆ ಲಂಡನ್ನಿನ ವಾಯವ್ಯಕ್ಕಿರುವ ಹೈ ವಿಕಂ ಪಟ್ಟಣದ ಎರ್ಕೋಲ್ ಕಾರ್ಖಾನೆಗೆ ಒಂದು ಲಕ್ಷ ಕುರ್ಚಿ ಮಾಡಿಕೊಡಲು ಹೇಳಿತು. ಅಲಂಕಾರ ಬೇಡ, ಬೆಲೆ ಕಡಿಮೆಯಿರಲಿ, ಅಡುಗೆಮನೆಯಲ್ಲಿ ದಿನಾ ಎಳೆದಾಡಿದರೂ ಬಾಳಿಕೆ ಬರಲಿ. ಇಂದು ಹಳೇ ಸಾಮಾನಿನ ಶೋಕಿಯವರು ‘ಮಿಡ್‌ಸೆಂಚುರಿ’ ಎಂದು ಹುಡುಕಿ ಕೊಳ್ಳುವ ಬ್ರಿಟಿಷ್ ಮರಗೆಲಸದ ಬೇರು ಇಂಥ ತಾಪತ್ರಯದ ದಿನಗಳಲ್ಲಿದೆ.

ಬ್ರಿಟಿಷರ ಪೀಠೋಪಕರಣ ಎಂದರೆ ನಮಗೆ ನೆನಪಾಗುವುದು ಪ್ರವಾಸಿ ಬಂಗಲೆಯ ಉದ್ದ ಕೈಯ ಆರಾಮ ಕುರ್ಚಿ, ಇಬ್ಬರು ಹಿಡಿದರೂ ಅಲುಗದ ಕ್ಲಬ್ಬಿನ ಮೇಜು. ಮಿಡ್‌ಸೆಂಚುರಿ ಸಾಮಾನು ಅದರ ತದ್ವಿರುದ್ಧ. ಕಾಲು ತೆಳು, ಕೆತ್ತನೆ ಇಲ್ಲ, ಒಂದೇ ಕೈಯಲ್ಲಿ ಎತ್ತಿ ಪಕ್ಕದ ಕೋಣೆಗೆ ಒಯ್ಯಬಹುದು.

ಯುದ್ಧಕಾಲದಲ್ಲಿ ಹಡಗುಗಳಿಗೆ ಮರ ತರುವುದಕ್ಕಿಂತ ಮುಖ್ಯ ಕೆಲಸಗಳಿದ್ದವು. ಇತ್ತ ಬಾಂಬು ಬಿದ್ದು ಮನೆ ಕಳೆದುಕೊಂಡವರಿಗೆ ಮಂಚ, ಮೇಜು ಬೇಕಿತ್ತು. 1942ರಲ್ಲಿ ಸರ್ಕಾರ ‘ಯುಟಿಲಿಟಿ’ ಯೋಜನೆ ತಂದಿತು. ಯಾವ ಕಾರ್ಖಾನೆಯೇ ಮಾಡಲಿ, ಸರ್ಕಾರ ಒಪ್ಪಿದ ನಮೂನೆಯನ್ನೇ ಮಾಡಬೇಕು. ಕೊಳ್ಳಲು ಪರವಾನಗಿ ಸಿಗುತ್ತಿದ್ದುದು ಮುಖ್ಯವಾಗಿ ಹೊಸದಾಗಿ ಮದುವೆಯಾದವರಿಗೆ ಮತ್ತು ಮನೆ ಕಳೆದುಕೊಂಡವರಿಗೆ. ವಿನ್ಯಾಸದ ಹೊಣೆ ಹೊತ್ತ ಗಾರ್ಡನ್ ರಸೆಲ್ ಕೈಕೆಲಸದ ಪರಂಪರೆಯಿಂದ ಬಂದವರು. ಹಲಗೆ ಸಿಗದ ಕಡೆ ಹಾರ್ಡ್‌ಬೋರ್ಡ್ ಹಾಕಿಸಿದರು, ಆದರೆ ಚೌಕಟ್ಟಿನ ವಿಷಯದಲ್ಲಿ ರಾಜಿಯಾಗಲಿಲ್ಲ: ಒಂದು ಮರದಲ್ಲಿ ಗೂಡು ಕೊರೆದು ಇನ್ನೊಂದರ ನಾಲಗೆಯನ್ನು ಅದರಲ್ಲಿ ಬಿಗಿಯಾಗಿ ಕೂರಿಸಲೇಬೇಕು. ಸರಕಿನ ಮೇಲೆ ‘ಸಿಸಿ41’ ಮುದ್ರೆ. ಅದರ ಎರಡು ಇಂಗ್ಲಿಷ್ ‘C’ಗಳು ಒಂದೊಂದು ತುಂಡು ಕತ್ತರಿಸಿ ತೆಗೆದ ಚೀಸ್ ಗಾಲಿಗಳಂತೆ ಕಾಣುತ್ತಿದ್ದುದರಿಂದ ಜನ ಅದಕ್ಕೆ ‘ಚೀಸು’ ಎಂದೇ ಹೆಸರಿಟ್ಟರು. ಯುದ್ಧ ಮುಗಿದ ಮೇಲೂ ಬಿಗಿ ಸಡಿಲಾಗಲಿಲ್ಲ. 1946ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ‘ಬ್ರಿಟನ್ ಮಾಡಬಲ್ಲದು’ ಎಂಬ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿಟ್ಟ ಎಷ್ಟೋ ಸಾಮಾನು ಅಂಗಡಿಗೆ ಬಂದಿರಲೇ ಇಲ್ಲ. ‘ಮಾಡಬಲ್ಲದು ಸರಿ, ನಮಗೆ ಸಿಗಲೊಲ್ಲದು’ ಎಂದು ಜನ ಆಡಿಕೊಂಡರು. ಯುಟಿಲಿಟಿ ಮುಗಿದದ್ದು 1952ರಲ್ಲಿ.

ಹೈ ವಿಕಂ ಮೊದಲಿನಿಂದಲೂ ಕುರ್ಚಿಯ ಊರು. ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ‘ಚೇರ್‌ಬಾಯ್ಸ್’. ಸುತ್ತಲ ಚಿಲ್ಟರ್ನ್ ಗುಡ್ಡಗಳ ಬೀಚ್ ಮರಗಳ ಕಾಡಿನಲ್ಲೇ ಗುಡಿಸಲು ಹಾಕಿಕೊಂಡು, ಕಾಲಿನಿಂದ ತುಳಿಯುವ ಲೇತಿನಲ್ಲಿ ಕುರ್ಚಿಯ ಕಾಲುಗಳನ್ನು ಕಡೆದು ಪಟ್ಟಣಕ್ಕೆ ಕೊಡುವವರಿದ್ದರು. ಅವರನ್ನು ‘ಬಾಡ್ಜರ್’ ಎನ್ನುತ್ತಿದ್ದರು. ಅವರು ಕಡೆದ ಕಾಲುಗಳಿಂದ ಸಿದ್ಧವಾಗುತ್ತಿದ್ದುದು ವಿಂಡ್ಸರ್ ಕುರ್ಚಿ. ಇಟಲಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಲಂಡನ್ನಿಗೆ ಬಂದ ಲೂಸಿಯನ್ ಎರ್ಕೊಲಾನಿ 1920ರಲ್ಲಿ ಈ ಊರಲ್ಲಿ ಕಾರ್ಖಾನೆ ತೆರೆದಿದ್ದರು. ಸರ್ಕಾರದ ಒಂದು ಲಕ್ಷ ಕುರ್ಚಿಗೆ ಅವರು ಹೊಸದೇನನ್ನೂ ಹುಡುಕಲು ಹೋಗಲಿಲ್ಲ. ಊರಿನ ಹಳೇ ವಿಂಡ್ಸರನ್ನೇ ಯಂತ್ರಕ್ಕೆ ಒಗ್ಗಿಸಿದರು.

ಎರ್ಕೋಲ್ ಕುರ್ಚಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕೂರುವ ಹಲಗೆ ಎಲ್ಮ್ ಮರದ್ದು. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಚಿನಲ್ಲಿ ತೂತು ಕೊರೆದರೂ ಸೀಳುವುದಿಲ್ಲ. ಆದರೆ ಒಣಗುವಾಗ ಸೊಟ್ಟಗಾಗುವ ಹಟಮಾರಿ ಮರ. ಅದನ್ನು ಒಲೆಕೋಣೆಯಲ್ಲಿ ಹದವಾಗಿ ಒಣಗಿಸಿ ಪಳಗಿಸಿದ್ದು ಎರ್ಕೊಲಾನಿಯವರ ಸಾಧನೆ. ಬೆನ್ನಿನ ಬಿಲ್ಲು ಬೀಚಿನದು, ಹಬೆಯಲ್ಲಿ ಬೇಯಿಸಿ ಬಗ್ಗಿಸಿದ್ದು. ಕಾಲಿನ ತುದಿ ಹಲಗೆಯನ್ನು ತೂರಿ ಮೇಲೆ ಬರುತ್ತದೆ, ಅದರ ನೆತ್ತಿಗೆ ಒಂದು ಬೆಣೆ. ಬೆಣೆಯ ಬಿಗಿಗೆ ಕೂಡಿಕೆ ಸುಲಭಕ್ಕೆ ಸಡಿಲುವುದಿಲ್ಲ. ಆ ದುಂಡು ಗುರುತು, ನಡುವಿನ ಬೆಣೆಯ ಗೆರೆ ಎರಡನ್ನೂ ಮುಚ್ಚಿಲ್ಲ. ಒಡವೆ ಬೇಕೆನ್ನುವವರಿಗೆ ಕುರ್ಚಿ ತೊಟ್ಟ ಒಡವೆ ಅದೊಂದೇ.

ಅದೇ ಊರಿನ ಇ. ಗೋಮ್ ಕಂಪನಿ ಬುದ್ಧಿ ಓಡಿಸಿದ್ದು ವ್ಯಾಪಾರದಲ್ಲಿ. ಅಲ್ಲಿಯವರೆಗೆ ಊಟದ ಕೋಣೆಗೆ, ಮಲಗುವ ಕೋಣೆಗೆ ಇಡೀ ಸೆಟ್ಟನ್ನೇ ಕೊಳ್ಳುವುದು ವಾಡಿಕೆ. 1953ರಲ್ಲಿ ಡೊನಾಲ್ಡ್ ಗೋಮ್ ತಂದ ‘ಜಿ-ಪ್ಲಾನ್’ನಲ್ಲಿ ಈ ವರ್ಷ ಮೇಜು, ಮುಂದಿನ ವರ್ಷ ಕಪಾಟು ಎಂದು ಬಿಡಿಬಿಡಿಯಾಗಿ ಕೊಂಡರೂ ಎಲ್ಲವೂ ಒಂದಕ್ಕೊಂದು ಹೊಂದುತ್ತಿದ್ದವು. ಕಂತಿನಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದ ಎಳೆಯ ದಂಪತಿಗಳಿಗೆ ಇನ್ನೇನು ಬೇಕು? ಅರವತ್ತರ ದಶಕದಲ್ಲಿ ಡ್ಯಾನಿಶ್ ತೇಗದ ಹುಚ್ಚು ಹಬ್ಬಿದಾಗ ಜಿ-ಪ್ಲಾನ್ ಡೆನ್ಮಾರ್ಕಿನ ಇಬ್ ಕೋಫೋಡ್-ಲಾರ್ಸೆನ್ ಅವರಿಂದಲೇ ವಿನ್ಯಾಸ ಮಾಡಿಸಿತು. ಸ್ಕಾಟ್ಲೆಂಡಿನ ಕರ್ಕಾಡಿಯಲ್ಲಿ ಮ್ಯಾಕಿಂಟಾಶ್ ಕಂಪನಿ ಉದ್ದನೆಯ ತೇಗದ ಸೈಡ್‌ಬೋರ್ಡ್‌ಗಳಿಗೆ ಹೆಸರಾಯಿತು. ಇವುಗಳ ಅಗಲ ಮೈ ಬಹುಪಾಲು ವೆನೀರ್ (ಮೇಲೆ ಅಂಟಿಸಿದ ಮರದ ತೆಳು ಪದರ), ಅಂಚು, ಕಾಲು, ಹಿಡಿಕೆಗಳಷ್ಟೇ ಗಟ್ಟಿ ಮರ. ಇಡೀ ಕಪಾಟು ತೇಗದ ದಿಮ್ಮಿಯಿಂದಲೇ ಆಗಬೇಕೆನ್ನುವ ನಮ್ಮವರು ಮೂಗು ಮುರಿದಾರು, ಆದರೆ ಆ ವೆನೀರ್ ಜೋಡಿಸಿದ ಕೈಗಳ ನಾಜೂಕು ಸಣ್ಣದಲ್ಲ.

ಮರದ ಕುರ್ಚಿಗೆ ಪೆಟ್ಟು ಕೊಟ್ಟವರೂ ಹೈ ವಿಕಂನವರೇ. ಅಲ್ಲಿ 1915ರಲ್ಲಿ ಹುಟ್ಟಿದ ರಾಬಿನ್ ಡೇ, ಹಿಲ್ ಕಂಪನಿಗಾಗಿ ಬಗ್ಗಿಸಿದ ಪ್ಲೈವುಡ್ಡಿನ ಚೆಂದದ ಕುರ್ಚಿಗಳನ್ನು ಮಾಡಿದವರು. ಆದರೆ 1963ರಲ್ಲಿ ಅವರೇ ತಂದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಕುರ್ಚಿ ಶಾಲೆ, ಆಸ್ಪತ್ರೆ, ಸಭಾಂಗಣಗಳನ್ನೆಲ್ಲ ತುಂಬಿ ಕೋಟಿ ದಾಟಿ ಮಾರಾಟವಾಯಿತು. ಕುರ್ಚಿಯ ಮರಕ್ಕೂ ಪೆಟ್ಟು ಬಿತ್ತು: ಅರವತ್ತರ ದಶಕದ ಕೊನೆಗೆ ಹೊರಗಿನಿಂದ ತಂದ ದಿಮ್ಮಿಗಳ ಜೊತೆ ‘ಡಚ್ ಎಲ್ಮ್’ ರೋಗದ ಉಗ್ರ ತಳಿ ನುಗ್ಗಿ ಬ್ರಿಟನ್ನಿನ ಕೋಟ್ಯಂತರ ಎಲ್ಮ್ ಮರಗಳನ್ನು ಒಣಗಿಸಿತು. ಹಳೆಯ ಎಲ್ಮ್ ಹಲಗೆಯ ಕುರ್ಚಿಗೆ ಇಂದು ಬೆಲೆ ಬಂದಿರುವುದಕ್ಕೆ ಅದೂ ಒಂದು ಕಾರಣ.

ಕೊಳ್ಳುವವರಿಗೆ ಇನ್ನೊಂದು ತೊಡಕಿದೆ. 1988ರ ಬೆಂಕಿ ಸುರಕ್ಷತೆಯ ನಿಯಮದಂತೆ, 1950ರ ನಂತರ ತಯಾರಾದ ಸೋಫಾದ ಫೋಮು, ಹೊದಿಕೆಗಳು ಪರೀಕ್ಷೆ ಪಾಸಾಗದೆ ಬ್ರಿಟನ್ನಿನ ಅಂಗಡಿಗಳಲ್ಲಿ ಮಾರಾಟಕ್ಕಿಡುವಂತಿಲ್ಲ. ಹಾಗಾಗಿ ಎಷ್ಟೋ ಸೋಫಾಗಳು ದಿಂಬು ಕಳಚಿಕೊಂಡು ಬರೀ ಮರದ ಚೌಕಟ್ಟಾಗಿ ಮಾರಾಟಕ್ಕೆ ಬರುತ್ತವೆ. ದಿಂಬಿನ ಕೆಳಗಿನ ರಬ್ಬರ್ ಪಟ್ಟಿ ಜೋತುಬಿದ್ದಿದ್ದರೆ ಹೆದರಬೇಕಿಲ್ಲ, ಹೊಸದು ಸಿಗುತ್ತದೆ. ನೋಡಬೇಕಾದ್ದು ಚೌಕಟ್ಟಿನ ಕೂಡಿಕೆಗಳನ್ನು.